ಆಕ್ಟಿಂಗ್ ಮಾಡುವ ಬಾಳೆ

ನಮ್ಮ ಕನ್ನಡ ಬಳಗದ ಪತ್ರಿಕೆಯ ಈ ಸಂಚಿಕೆ ನಿನ್ನೆಯೇ ಅಚ್ಚಿಗೆ ಹೋಗಬೇಕಿತ್ತು. ಹೋಗಲಿಲ್ಲ. ಸಂಪಾದಕಿ, ಅಂದರೆ ನಾನೇ, ಕತ್ತಲಾಗುವವರೆಗೆ ಹಿತ್ತಲಲ್ಲಿ ಬಾಳೆಗೆ ಒಣಹುಲ್ಲು ತುರುಕುತ್ತಾ ನಿಂತಿದ್ದೆ. ಬೆಳಗ್ಗೆ ಮೊದಲ ಫ್ರಾಸ್ಟ್ (ಹೆಪ್ಪುಗಟ್ಟಿದ ಇಬ್ಬನಿ) ಬಿದ್ದು ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

ಏಳು ವರ್ಷದ ಮಗ ಟಾರ್ಚ್ ಹಿಡಿದಿದ್ದ.

"ಅಮ್ಮಾ, ಇದು ಹಣ್ಣು ಬಿಡುತ್ತಾ?"

"ಇಲ್ಲಿ ಕಷ್ಟ ಪುಟ್ಟಾ. ಬಿಟ್ಟರೂ ಬರೀ ಬೀಜ, ತಿನ್ನೋಕಾಗಲ್ಲ."

"ಹಾಗಾದ್ರೆ ಇದು ಬಾಳೆ ಥರ ಆಕ್ಟಿಂಗ್ ಮಾಡ್ತಿದೆ, ಅಲ್ವಾ?"

ರಾಜ್ಯೋತ್ಸವದ ನಾಟಕದಲ್ಲಿ ಅವನದು ಮರದ ಪಾತ್ರ. ಅದೇ ಗುಂಗು.

ಅವನ ಮಾತು ಪೂರ್ತಿ ತಪ್ಪಲ್ಲ. ನಾವು ಚಳಿ ದೇಶದಲ್ಲಿ ನೆಡುವ ಈ ಮೂಸಾ ಬಾಸ್ಜೂವನ್ನು ಜಪಾನ್ ಬಾಳೆ ಅನ್ನುತ್ತಾರೆ, ಮೂಲ ಮಾತ್ರ ಚೀನಾ. ಹಿಮ ಹೊತ್ತು ನಿಲ್ಲುವ ಆ ಗಟ್ಟಿಗ ಪಾಮ್, ಟ್ರಾಕಿಕಾರ್ಪಸ್, ಅದೂ ಚೀನಾದ್ದೇ. ಹಳದಿ ಸುಗಂಧಿ ಹಿಮಾಲಯದ್ದು. ಸೆಕೆ ಅಷ್ಟೇನೂ ಬೇಡದ ಗಿಡಗಳೇ ಸೆಕೆ ನಾಡಿನ ವೇಷ ಹಾಕುತ್ತವೆ. ಈ ಹುಚ್ಚೂ ಹಳೆಯದು. ಲಂಡನ್ನಿನ ಬ್ಯಾಟರ್ಸೀ ಪಾರ್ಕಿನಲ್ಲಿ 1860ರ ದಶಕದಲ್ಲೇ ಇಂಥ ತೋಟವಿತ್ತು. ಇಂಗ್ಲೆಂಡಿನದೇ ಗ್ರೇಟ್ ಡಿಕ್ಸ್‌ಟರ್ ಎಂಬ ಹೆಸರಾಂತ ಉದ್ಯಾನದಲ್ಲಿ 1993ರಲ್ಲಿ ಗುಲಾಬಿ ತೋಟವನ್ನೇ ಕಿತ್ತು ಬಾಳೆ, ಕ್ಯಾನಾ (ಅಗಲ ಎಲೆಯ ಹೂಗಿಡ) ನೆಟ್ಟರು. ಹರಳು ಗಿಡವನ್ನೂ ಅಂದಕ್ಕೆ ಅಂತ ಬೆಳೆಸುತ್ತಾರೆ! ಫೋಟೋ ಕಳಿಸಿದರೆ ನನ್ನಮ್ಮ, "ತಿಪ್ಪೆ ಪಕ್ಕ ಇರೋದಲ್ವೇನೇ ಅದು" ಅಂದರು. (ಬೀಜ ವಿಷ. ಮಕ್ಕಳಿರುವ ಮನೆಯವರು ಹೂಗೊಂಚಲು ಮೂಡಿದ ಕೂಡಲೇ ಕತ್ತರಿಸಿಬಿಡಿ.)

ನನ್ನ ಮೊದಲ ಬಾಳೆಯ ಕಥೆ ಬೇರೆ. ಮೇ ತಿಂಗಳಲ್ಲಿ ಮೊಣಕಾಲುದ್ದದ ಕಂದು ನೆಟ್ಟಿದ್ದೆ. ಆಗಸ್ಟ್ ಹೊತ್ತಿಗೆ ನನಗಿಂತ ಎತ್ತರ. ವಾರಕ್ಕೊಂದು ಸುಳಿ ಬಿಚ್ಚುತ್ತಿತ್ತು. ಒಂದು ರಾತ್ರಿ ಮಳೆ ಬಂತು. ಇಲ್ಲಿನ ಮಳೆಗೆ ಸದ್ದೇ ಇಲ್ಲ ಅಂದುಕೊಂಡಿದ್ದೆ. ಅಗಲದ ಎಲೆ ಮೇಲೆ ಬಿದ್ದಾಗ ಇತ್ತು. ಕಿಟಕಿ ತೆರೆದು ಎಷ್ಟೋ ಹೊತ್ತು ಕೂತಿದ್ದೆ, ಹೀಟರ್ ಆರಿಸಿದ್ದೂ ನೆನಪಿದೆ. ಚಳಿ ಬಂದಾಗ ಅದಕ್ಕೆ ತಾಗದಿರಲಿ ಅಂತ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟೆ. ಮಾರ್ಚಿನಲ್ಲಿ ಬಿಚ್ಚಿದರೆ ಕೊಳೆತ ವಾಸನೆ. ಕಾಂಡ ಕೈಗೇ ಬಂತು. ಫೋನಿನಲ್ಲಿ ಅಮ್ಮ ಹೇಳಿದ್ದು ಒಂದೇ: "ಗೆಡ್ಡೆ ಕೀಳಬೇಡ." ಏಪ್ರಿಲ್ ಹೋಯಿತು, ಮೇ ಹೋಯಿತು. ಜೂನಿನಲ್ಲಿ ಆ ಜಾಗದಲ್ಲಿ ಕುರ್ಚಿ ಹಾಕೋಣ ಅಂತ ಹೋದರೆ ಮೂರು ಕಂದು!

ಅದನ್ನು ಕೊಂದದ್ದು ಬರೀ ಚಳಿಯಲ್ಲ, ಒಳಗೆ ಕಟ್ಟಿಕೊಂಡ ತೇವ. ಈಗ ಎಲೆ ಕತ್ತರಿಸಿ, ಸುತ್ತ ತಂತಿ ಬಲೆ ನಿಲ್ಲಿಸಿ, ಒಣಹುಲ್ಲು ತುಂಬಿ, ಗೋಣಿ ಸುತ್ತಿ, ಮಳೆ ಇಳಿಯದಂತೆ ನೆತ್ತಿಗಷ್ಟೇ ಮುಚ್ಚಳ ಹಾಕುತ್ತೇನೆ. ಕಾಂಡ ಉಳಿದರೆ ಮುಂದಿನ ವರ್ಷ ಅಲ್ಲಿಂದಲೇ ಬೆಳೆಯುತ್ತದೆ. ಹೋದರೂ ಬುಡದಲ್ಲಿ ಜೀವ ಇರುತ್ತದೆ. ಜೂನ್ ಮುಗಿಯುವವರೆಗೆ ಗುದ್ದಲಿ ಮುಟ್ಟಬೇಡಿ. ಕ್ಯಾನಾ, ಕೆಸು, ಡೇರೆ ಗೆಡ್ಡೆಗಳನ್ನು ಅಗೆದು ಗ್ಯಾರೇಜಿನಲ್ಲಿಡಿ. ಡೇರೆಯನ್ನು ಕೆಲವು ದಿನ ತಲೆಕೆಳಗಾಗಿ ಒಣಗಿಸಿ, ಅದರ ಟೊಳ್ಳು ಕಾಂಡದಲ್ಲಿ ನೀರು ನಿಲ್ಲುತ್ತದೆ.

ಅಯ್ಯೋ, ಪುಟ ಮುಗೀತಾ ಬಂತು. ಗೆಡ್ಡೆ ವಿನಿಮಯ ನವೆಂಬರ್ ಎರಡನೇ ಶನಿವಾರ, ಎಂದಿನ ಸಭಾಂಗಣ. ಹೂವಿನ ಬಣ್ಣ ಬರೆದ ಚೀಟಿ ಅಂಟಿಸಿ ತನ್ನಿ. ಹೋದ ವರ್ಷ ನನಗೆ ಸಿಕ್ಕ "ಕೆಂಪು" ಡೇರೆ ಹಳದಿ ಬಿಟ್ಟಿತು. ಕನ್ನಡ ತರಗತಿ ಈ ವಾರ ಇಲ್ಲ. ನಾಟಕದ ತಾಲೀಮು ಭಾನುವಾರ 3ಕ್ಕೆ, 3 ಅಂದರೆ 3. ಸದಸ್ಯತ್ವ ನವೀಕರಿಸದವರು ದಯವಿಟ್ಟು ನವೀಕರಿಸಿ.

ಇನ್ನೊಂದು. ಪುಟ ಜೋಡಿಸುತ್ತಿದ್ದವರು ಕಳೆದ ತಿಂಗಳು ಊರಿಗೆ ವಾಪಸಾದರು. ಆಮೇಲಿಂದ ಅದೂ ನನ್ನ ಪಾಲಿಗೆ. ತಿಂಗಳಿಗೆ ಎರಡು ಸಂಜೆ ಕೊಡುವವರು ಯಾರಾದರೂ ಇದ್ದೀರಾ? ಕಾಗುಣಿತ ಬಂದರೆ ಸಾಕು. ಬರದಿದ್ದರೂ ಪರವಾಗಿಲ್ಲ, ಬನ್ನಿ.

ಹಾಗೇ, ಮರದ ವೇಷಕ್ಕೆ ಗೋಣಿಚೀಲ ಬೇಕು. ಇದ್ದವರು ಭಾನುವಾರ ತನ್ನಿ. ನಮ್ಮ ಮನೆಯಲ್ಲಿದ್ದ ಎರಡೂ ಬಾಳೆಯ ಮೈಮೇಲಿವೆ.