ವಾಚ್ ನೋಡಿ ಊಟ ಬಿಡುವ ಮಕ್ಕಳು

ಮಾನ್ಯ ಸಂಪಾದಕರೇ,

ನನ್ನ ಮಗಳು ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್‌ಸಿ ಓದುತ್ತಿದ್ದಾಳೆ. ಕಳೆದ ವರ್ಷ ಅವಳಿಗೆ ಸ್ಮಾರ್ಟ್ ವಾಚ್ ಕೊಡಿಸಿದೆವು. ಬೆಳಿಗ್ಗೆ ಏಳಲು ಬೇಜಾರು ಮಾಡುತ್ತಿದ್ದವಳು ಗೆಳತಿಯರ ಜತೆ ಕೆಲಗೇರಿ ಕೆರೆ ತನಕ ನಡೆಯತೊಡಗಿದಳು. ನಮಗೂ ಖುಷಿಯಾಯಿತು. ಆದರೆ ದೀಪಾವಳಿಗೆ ಗದಗಕ್ಕೆ ಬಂದಾಗ, ಎರಡನೇ ರೊಟ್ಟಿ ಹಾಕಲು ಹೋದರೆ ತಾಟಿಗೆ ಕೈ ಅಡ್ಡ ಹಿಡಿದಳು. ‘ಬ್ಯಾಡವ್ವಾ, ಇವತ್ತ 180 ಕ್ಯಾಲರಿನೂ ಖರ್ಚಾಗಿಲ್ಲ’ ಅಂದಳು.

ಆ 180 ಬರೀ ಓಡಾಟದ ಲೆಕ್ಕ ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸುಮ್ನೆ ಮಲಗಿದ್ದರೂ ಉಸಿರಾಟಕ್ಕೆ, ಎದೆ ಬಡಿತಕ್ಕೆ ದೇಹ ದಿನಕ್ಕೆ ಸಾವಿರಕ್ಕಿಂತ ಜಾಸ್ತಿ ಕ್ಯಾಲರಿ ಖರ್ಚು ಮಾಡುತ್ತದೆ. ಮೇಲಾಗಿ ವಾಚ್ ಕ್ಯಾಲರಿಯನ್ನು ಅಳೆಯುವುದೇ ಇಲ್ಲ, ಕೈಯ ಅಲುಗಾಟ, ನಾಡಿ, ನಾವು ತುಂಬಿದ ತೂಕ, ವಯಸ್ಸು ಎಲ್ಲ ಸೇರಿಸಿ ಒಂದು ಅಂದಾಜು ಹೇಳುತ್ತದೆ ಅಷ್ಟೇ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ 7 ಸಾಧನಗಳನ್ನು ಪರೀಕ್ಷಿಸಿದರು. ನಾಡಿ ಬಡಿತದಲ್ಲಿ 6 ಹೆಚ್ಚುಕಡಿಮೆ ಸರಿಯಿದ್ದವು. ಕ್ಯಾಲರಿ ಲೆಕ್ಕದಲ್ಲಿ ಮಾತ್ರ, ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಇಂಥ ಲೆಕ್ಕ ನಂಬಿ ರೊಟ್ಟಿ ಬಿಡೋದಾ?

ಜನವರಿಯಲ್ಲಿ ಚಿಗರಿ ಬಸ್ಸಿನಲ್ಲಿ ನಿಂತಿದ್ದವಳಿಗೆ ಕಣ್ಣಿಗೆ ಕತ್ತಲೆ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2. ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ಎಲ್ಲ ವಾಚ್‌ನಿಂದಲೇ ಆಯಿತು ಅನ್ನಲಾರೆ, ಮೊದಲೇ ಕಡಿಮೆ ಇದ್ದಿರಬಹುದು. ‘ವಾಚ್‌ನಾಗ ಆಕ್ಸಿಜನ್ 98 ತೋರಸ್ತಿತ್ತಲ್ರೀ’ ಅಂತ ಅವಳು ಡಾಕ್ಟರನ್ನು ಕೇಳಿದಾಗ ನನ್ನ ಕರುಳು ಚುರ್ ಅಂತು. ಇದ್ದ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅನ್ನೋದಷ್ಟೇ ಆ ಅಂಕಿ, ಹಿಮೋಗ್ಲೋಬಿನ್ ಎಷ್ಟಿದೆ ಅನ್ನೋದು ಅದರಲ್ಲಿ ಕಾಣೋದಿಲ್ಲ ಅಂತ ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಕೈಯಲ್ಲಿ ವಾಚ್ ಇದೆ ಅಂತ ಮಕ್ಕಳು ಸುಸ್ತನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಹಾಸ್ಟೆಲ್‌ನಲ್ಲಿ ಕೆಲವರು ರಾತ್ರಿ 11 ಗಂಟೆಗೆ, ಊಟವನ್ನೂ ಮಾಡದೆ, 10,000 ಹೆಜ್ಜೆ ಮುಗಿಸಲು ವರಾಂಡದಲ್ಲಿ ಸುತ್ತುತ್ತಾರಂತೆ. ಆ 10,000 ಬಂದದ್ದು 1965ರಲ್ಲಿ ಜಪಾನಿನವರು ಮಾರಾಟಕ್ಕೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ‘ಮಾನ್ಪೊ-ಕೇ’ ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಡಾಕ್ಟರು ಬರೆದುಕೊಟ್ಟ ಗುರಿಯಲ್ಲ ಅದು.

ವಾಚ್ ಬೇಡ ಅಂತ ನಾನು ಹೇಳುತ್ತಿಲ್ಲ, ಮಗಳು ಈಗಲೂ ಕಟ್ಟುತ್ತಾಳೆ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಒಂದು ಕೋರಿಕೆ. ಹೊಸ ಮಕ್ಕಳು ಸೇರಿದಾಗ ದೈಹಿಕ ಶಿಕ್ಷಣದ ಸರ್, ಮೇಡಂ ಒಂದು ತಾಸು ಕೂರಿಸಿಕೊಂಡು ಈ ಅಂಕಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ಹೇಳಲಿ. ವರ್ಷಕ್ಕೊಮ್ಮೆ ಕಾಲೇಜಿನಲ್ಲೇ ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಬೆರಳಿನಿಂದ ಒಂದು ಹನಿ ರಕ್ತ ಸಾಕು, ಅಲ್ವಾ?

– ಒಬ್ಬ ತಾಯಿ, ಗದಗ