ಶಿಕಾಗೋ ಚಳಿಗೆ ಹೊರಟ ಚಿನ್ನುಗೆ

ಚಿನ್ನೂ,

ನೀನು ಕಳಿಸಿದ ಪ್ಲಾನ್ ನೋಡಿದೆ. ನಾಲ್ಕು ದಿನ, ಹದಿನಾಲ್ಕು ಜಾಗ! ಜೊತೆಗೆ ಮಂಡಿನೋವಿನ ಅಪ್ಪ, ಫ್ಯಾನ್ ಹಾಕಿದರೇ ಶಾಲು ಹೊದೆಯುವ ಅಮ್ಮ. ಶಿಕಾಗೋದಲ್ಲಿ ಹದಿನೆಂಟು ಚಳಿಗಾಲ ಕಳೆದವಳು ನಾನು, ಸುಮ್ನೆ ಇರಲಾಗಲಿಲ್ಲ.

ಮೊದಲು ತಾರೀಕು ಬದಲಾಯಿಸು. 25ಕ್ಕೆ ಹೋಗಿ 28ಕ್ಕೆ ವಾಪಸ್ ಅಂತ ಬರೆದಿದ್ದೀಯ. ಕ್ರಿಸ್‌ಮಸ್ ದಿನ ದೊಡ್ಡ ಮ್ಯೂಸಿಯಂಗಳೆಲ್ಲ ಬಾಗಿಲು ಹಾಕಿರುತ್ತವೆ. ನೀನು ಅಷ್ಟು ಆಸೆಪಟ್ಟು ಬರೆದಿರುವ ಡೇಲಿ ಪ್ಲಾಜಾದ ಜರ್ಮನ್ ಸಂತೆ 24ಕ್ಕೇ ಮುಗಿಯುತ್ತದೆ. ಸಾಂತಾ ಕೂತ ಬೋಗಿಯನ್ನು ಎಳೆದುಕೊಂಡು ಲೈಟು ಹಚ್ಚಿಕೊಂಡು ಓಡುವ ರೈಲು ಇದೆಯಲ್ಲ, 1992ರಿಂದ ಪ್ರತಿವರ್ಷ ಬಿಡುತ್ತಾರೆ, ಅದೂ ಹಬ್ಬದ ಮುಂಚೆಯೇ. ಆಫೀಸಲ್ಲಿ ರಜೆ ಕೇಳಿ 20ರ ಹೊತ್ತಿಗೆ ಹೊರಡು.

ಇನ್ನು ಹೊತ್ತಿನ ವಿಷಯ. ಆ ದಿನಗಳಲ್ಲಿ ಬೆಳಿಗ್ಗೆ ಏಳೂಕಾಲಿಗೆ ಸೂರ್ಯ ಹುಟ್ಟಿದರೆ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಮುಳುಗಿಯೇ ಹೋಗುತ್ತಾನೆ. ಐದೂವರೆಗೆ ಲೇಕ್ ದಂಡೆಯಲ್ಲಿ ಫೋಟೋ ಅಂತ ಹಾಕಿದ್ದೀಯ, ಕತ್ತಲಲ್ಲಿ ಯಾರ ಫೋಟೋ ತೆಗೆಯುತ್ತೀಯೋ! ದಿನಕ್ಕೆ ಹೊರಗೆ ನೋಡುವುದು ಒಂದು, ಒಳಗೆ ಕೂತು ನೋಡುವುದು ಒಂದು. ಸಾಕು. ಬಕಿಂಗ್‌ಹ್ಯಾಮ್ ಕಾರಂಜಿ ಹೊಡೆದು ಹಾಕು, ಚಳಿಗಾಲದಲ್ಲಿ ಅದಕ್ಕೆ ನೀರೇ ಬಿಡುವುದಿಲ್ಲ.

ಬಟ್ಟೆ ಬಗ್ಗೆ ನಗಬೇಡ. ನಾನು ಹೋದ ಮೊದಲ ಡಿಸೆಂಬರಲ್ಲಿ ಟಿವಿಯಲ್ಲಿ ಹವಾಮಾನ 20 ಅಂತ ತೋರಿಸಿದರು, ಓ, ನಮ್ಮ ಮೈಸೂರಿನ ಹಾಗೇ ಇದೆ ಅಂದುಕೊಂಡು ಸೀರೆ ಮೇಲೊಂದು ಸ್ವೆಟರ್ ಹಾಕಿ, ಕಾಟನ್ ಸಾಕ್ಸಿನಲ್ಲಿ ಲೇಕ್ ಮಿಶಿಗನ್ ನೋಡಲು ಹೊರಟೆ. ಅದು ಫ್ಯಾರನ್‌ಹೀಟ್! ನಮ್ಮ ಲೆಕ್ಕದಲ್ಲಿ ಮೈನಸ್ 7. ಐದು ನಿಮಿಷಕ್ಕೆ ಕಿವಿ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ನಿನಗೆ ಗೊತ್ತಿರುತ್ತದೆ, ಡಾಲಸ್‌ನಲ್ಲಿ ಇದ್ದೀಯ. ಅಮ್ಮನಿಗೆ ಮಾತ್ರ ಮೊದಲೇ ಹೇಳಿಡು. ಬರೀ ಡಿಗ್ರಿ ನೋಡಬೇಡ, ಗಾಳಿ ಸೇರಿಸಿ ಎಷ್ಟು ಚಳಿ ಅನ್ನಿಸುತ್ತದೆ ಅಂತ ಫೋನಲ್ಲಿ ಬೇರೆ ತೋರಿಸುತ್ತದಲ್ಲ, ಅದನ್ನೇ ನೋಡು.

ಮೈಗೆ ಥರ್ಮಲ್, ಅದರ ಮೇಲೆ ಉಲ್ಲನ್, ಅದರ ಮೇಲೆ ಗಾಳಿ ತಡೆಯುವ, ಸೊಂಟದ ಕೆಳಗೆ ಬರುವ ಜಾಕೆಟ್. ಮೈಗೆ ತಾಗುವುದು ಕಾಟನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಒಂದೇ ದಪ್ಪ ಕೋಟು ನಂಬಿಕೊಂಡರೆ ಅಂಗಡಿ ಒಳಗೆ ಹೀಟರ್ ಬಿಸಿಗೆ ಬೇಯುತ್ತೀರಿ, ಕಳಚಿದರೆ ಒಳಗೆ ಏನೂ ಇಲ್ಲ. ಅಪ್ಪನ ಮಂಕಿ ಟೋಪಿ ನೋಡಿ ನಾಚಿಕೆಪಡಬೇಡ, ಅಲ್ಲಿ ಅದೇ ರಾಜ. ಕೈಗವಸು ಇಲ್ಲದಿದ್ದರೆ ಎಲ್ಲರೂ ಜೇಬಲ್ಲಿ ಕೈ ಇಟ್ಟುಕೊಂಡು ನಡೆಯುತ್ತಾರೆ, ಫುಟ್‌ಪಾತಲ್ಲಿ ಕಣ್ಣಿಗೆ ಕಾಣದ ಐಸ್ ಇರುತ್ತದೆ, ಜಾರಿದರೆ ಊರಲು ಕೈ ಬೇಕಲ್ವಾ. ಹಿಡಿತ ಇರುವ ಬೂಟು, ಬಾತುಕೋಳಿ ಹಾಗೆ ಚಿಕ್ಕ ಹೆಜ್ಜೆ.

ಕಾರು ಬಾಡಿಗೆಗೆ ಬೇಡವೇ ಬೇಡ. ಓಹೇರ್ ಏರ್‌ಪೋರ್ಟಲ್ಲಿ ಇಳಿದರೆ ಬ್ಲೂ ಲೈನ್ ರೈಲು ಮುಕ್ಕಾಲು ಗಂಟೆಗೆ ಊರ ನಡುವಿಗೆ ತರುತ್ತದೆ, ರಾತ್ರಿಯಿಡೀ ಓಡುತ್ತದೆ. ಇನ್ನೊಂದು ಏರ್‌ಪೋರ್ಟ್ ಮಿಡ್‌ವೇ ಆದರೆ ಆರೆಂಜ್ ಲೈನ್. ಹೋಟೆಲ್ ಊರ ನಡುವಿನ ಲೂಪ್ ಒಳಗೇ ಮಾಡು. ನಾಲ್ಕು ಡಾಲರ್ ಜಾಸ್ತಿ ಆದರೂ ಅಪ್ಪ ಮಧ್ಯಾಹ್ನ ರೂಮಿಗೆ ಬಂದು ಕಾಲು ಚಾಚಬಹುದು. ಎಲ್ಲ ಸ್ಟೇಷನ್ನಿಗೂ ಲಿಫ್ಟ್ ಇಲ್ಲ, ಮೊದಲೇ ನೋಡಿಕೋ. ಪ್ಲಾಟ್‌ಫಾರಂ ಮೇಲೆ ಹೀಟರ್ ದೀಪ ಇರುತ್ತವೆ, ಬಟನ್ ಒತ್ತಬೇಕು. ನಾನು ಒಂದು ಚಳಿಗಾಲ ಪೂರ್ತಿ ಬಟನ್ ನೋಡದೆ ನಡುಗಿದ್ದೇನೆ.

ಈಗ ಅಪ್ಪನಿಗೆ. ಆರ್ಟ್ ಇನ್‌ಸ್ಟಿಟ್ಯೂಟ್ ಮ್ಯೂಸಿಯಂ ನಿನ್ನ ಪಟ್ಟಿಯಲ್ಲಿ ಹನ್ನೊಂದನೆಯದು, ಅದನ್ನು ಮೊದಲು ತಾ. ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತಾಡಿದ್ದು ಆ ಕಟ್ಟಡದಲ್ಲೇ. ಬಾಗಿಲಲ್ಲಿ ಎರಡು ಹಸಿರು ಸಿಂಹ, ಹಬ್ಬದ ಹೊತ್ತಿಗೆ ಕೊರಳಿಗೆ ಹಾರ ಹಾಕಿರುತ್ತಾರೆ. ಎದುರಿನ ಮಿಶಿಗನ್ ಅವೆನ್ಯೂದ ತುಂಡಿಗೆ ಸ್ವಾಮೀಜಿ ಹೆಸರೂ ಇದೆ. ಅಪ್ಪ ಅಲ್ಲಿಂದ ಅಲ್ಲಾಡುವುದಿಲ್ಲ, ಅರ್ಧ ದಿನ ಬಿಟ್ಟುಬಿಡು. ಹತ್ತಿರವೇ ಕಲ್ಚರಲ್ ಸೆಂಟರ್, ದುಡ್ಡಿಲ್ಲದೆ ಒಳಗೆ ಹೋಗಿ ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಕೂರಬಹುದು.

ಅಮ್ಮನಿಗೆ ನಿನ್ನ ಪಟ್ಟಿಯಲ್ಲೇ ಇಲ್ಲದ ಜಾಗ: ಗಾರ್‌ಫೀಲ್ಡ್ ಪಾರ್ಕ್ ಕನ್ಸರ್ವೇಟರಿ. 1908ರ ಗಾಜಿನ ಮನೆ, ಗ್ರೀನ್ ಲೈನ್ ರೈಲು ಬಾಗಿಲ ಹತ್ತಿರವೇ ಬಿಡುತ್ತದೆ. ಹೊರಗೆ ಹಿಮ, ಒಳಗೆ ಹೆಜ್ಜೆ ಇಟ್ಟರೆ ಕನ್ನಡಕಕ್ಕೆಲ್ಲ ಹಬೆ. ಜರೀಗಿಡಗಳ ಕೋಣೆ ಒಂದಿದೆ, ಕಲ್ಲಿನ ಸಂದಿಯಲ್ಲಿ ನೀರು, ಒದ್ದೆ ಮಣ್ಣಿನ ವಾಸನೆ. ಮನೆ ನೆನಪಾದಾಗಲೆಲ್ಲ ನಾನು ಅಲ್ಲಿಗೆ ಹೋಗಿ ಕೋಟು ತೊಡೆ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ, ತೀರ್ಥಹಳ್ಳಿ ಕಡೆ ಜುಲೈ ಬಂದ ಹಾಗೆ ಇರುತ್ತಿತ್ತು. ನನ್ನ ತಂಗಿಗೆ ನಾನು ಹೇಳಿದೆ ಅಂತ ಹೇಳಬೇಡ, ಸುಮ್ನೆ ಕರೆದುಕೊಂಡು ಹೋಗು.

ವಿಲಿಸ್ ಟವರ್‌ಗೆ ಮುಂಗಡ ಟಿಕೆಟ್ ಬೇಡ. ಮೋಡ ಇದ್ದರೆ 103ನೇ ಮಹಡಿಯಿಂದ ಬರೀ ಬಿಳಿ ಕಾಣುತ್ತದೆ. ಆಕಾಶ ತಿಳಿಯಾದ ದಿನ ನೋಡಿ ಹತ್ತಿ. ಅದನ್ನು ಕಟ್ಟುವ ಲೆಕ್ಕ ಹಾಕಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ಢಾಕಾದವರು. ಅಪ್ಪನಿಗೆ ಹೇಳು.

ಊಟಕ್ಕೆ ತಲೆ ಕೆಡಿಸಿಕೊಳ್ಳಬೇಡ. ಎರಡನೇ ದಿನ ಅಮ್ಮ ಅನ್ನ ಅನ್ನುತ್ತಾಳೆ, ನಮ್ಮ ದೇಶದ ಹೋಟೆಲ್‌ಗಳಿರುವ ಡೆವನ್ ಅವೆನ್ಯೂಗೆ ಟ್ಯಾಕ್ಸಿ ಮಾಡು. ಡೀಪ್ ಡಿಶ್ ಪಿಜ್ಜಾ ಬೇಯಲು ಮುಕ್ಕಾಲು ಗಂಟೆ ಬೇಕು, ಹಸಿವು ಶುರುವಾಗುವ ಮುಂಚೆ ಆರ್ಡರ್ ಮಾಡು. ವಾಪಸ್ ವಿಮಾನ ಬೆಳಿಗ್ಗೆಯದೇ ಇರಲಿ, ಹಿಮ ಬಿದ್ದರೆ ಸಂಜೆ ಹೊತ್ತಿಗೆ ತಡ ಸೇರಿ ಸೇರಿ ಬೆಟ್ಟ ಆಗಿರುತ್ತದೆ. ಅಪ್ಪನ ಬಿಪಿ ಮಾತ್ರೆ ಕೈಚೀಲದಲ್ಲಿರಲಿ.

ನನ್ನ ಹಳೇ ಕೋಟು ಅಮ್ಮನ ಸೂಟ್‌ಕೇಸಿಗೆ ಹಾಕಿ ಕಳಿಸುತ್ತಿದ್ದೇನೆ. ಎಡಗಡೆ ಜೇಬು ಹರಿದಿದೆ, ಅದರಲ್ಲಿ ರೈಲಿನ ಕಾರ್ಡ್ ಇಡಬೇಡಿ.

ನಿನ್ನ ದೊಡ್ಡಮ್ಮ