ರವಿವಾರದ ನಡಿಗೆ: ನೀಲಿ ನೊಣಹಿಡುಕ

ಗೆಳೆಯರೇ, ರವಿವಾರ ಬೆಳಿಗ್ಗೆ 6.30ಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಸೇರೋಣ. ಈ ಸಲ ಹುಡುಕುವುದು ಟಿಕೆಲ್ ನೀಲಿ ನೊಣಹಿಡುಕ ಎಂಬ ಹಕ್ಕಿಯನ್ನು.

ಹೆಚ್ಚುಕಡಿಮೆ ಗುಬ್ಬಚ್ಚಿಯ ಗಾತ್ರ, 14-15 ಸೆಂ.ಮೀ. ಗಂಡಿನ ಬೆನ್ನು ನೀಲಿ, ಗಂಟಲು ಮತ್ತು ಎದೆ ಕಿತ್ತಳೆ, ಹೊಟ್ಟೆ ಬಿಳಿ. ಹೆಣ್ಣಿನ ಬಣ್ಣ ಇನ್ನಷ್ಟು ಮಾಸಲು. ಬಯಲಿನಲ್ಲಿ ಹುಡುಕಬೇಡಿ, ಬಿದಿರುಮೆಳೆ, ಪೊದೆ, ಹಳ್ಳದ ದಂಡೆಯ ನೆರಳೇ ಇದರ ಮನೆ. ಹೋದ ತಿಂಗಳು ಕಲಘಟಗಿ ಕಡೆ ಒಂದನ್ನು ಹತ್ತು ನಿಮಿಷ ನೋಡಿದೆ. ತಗ್ಗಿನ ಕೊಂಬೆಯ ಮೇಲೆ ನೆಟ್ಟಗೆ ಕುಳಿತಿತ್ತು. ತಟ್ಟನೆ ಹಾರಿ, ಗಾಳಿಯಲ್ಲೇ ಹುಳ ಹಿಡಿದು, ಮತ್ತೆ ಅದೇ ಕೊಂಬೆಗೆ ಬಂತು. ರೆಕ್ಕೆ ಮಡಚುವಾಗ ಎದೆಯ ಕಿತ್ತಳೆ ಕೆಂಡದಂತೆ ಹೊಳೆಯಿತು. ಎಷ್ಟು ನೋಡಿದರೂ ಸಾಲದು!

ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿ ಇದು. ತಂತಿ ಮೀಟಿದಂತೆ ಸಣ್ಣ, ಕಿಣಿಕಿಣಿ ಹಾಡು. ಆದ್ದರಿಂದ ಮಾತು ಕಡಿಮೆ ಇರಲಿ.

ಒಂದು ಕಳಕಳಿಯ ವಿನಂತಿ: ಮೊಬೈಲ್‌ನಲ್ಲಿ ಇದರ ಹಾಡು ಹಾಕಿ ಕರೆಯಬೇಡಿ. ಎದುರಾಳಿ ಬಂದನೆಂದು ಗಂಡು ಮೇವು ಬಿಟ್ಟು ಕಂಗಾಲಾಗುತ್ತದೆ. ಮರದ ಪೊಟರೆಯಲ್ಲೋ ದಂಡೆಯ ಸಂದಿನಲ್ಲೋ ಗೂಡು ಕಂಡರೆ ಫೋಟೊ ಬೇಡ, ಹಿಂದೆ ಸರಿಯಿರಿ. ದುರ್ಬೀನು, ನೀರು ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ.